ಆಳು ಸಿಗುವುದಿಲ್ಲ ಎನ್ನುವ ಮೊದಲು ತೊಟ್ಟಿಲುಗಳನ್ನು ಎಣಿಸಿ

ಬಾಗಲಕೋಟೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಉಸ್ತುವಾರಿ ಸಚಿವರಿಗೆ ಮತ್ತು ಜಿಲ್ಲೆಯ ಎಲ್ಲ ಶಾಸಕರಿಗೆ,

ಮುಧೋಳ ತಾಲ್ಲೂಕಿನ, ಘಟಪ್ರಭೆಯ ದಂಡೆಯ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬಳ ನಮಸ್ಕಾರಗಳು. ಪಿಂಚಣಿಯ ಜೊತೆಗೆ ನನಗೆ ನಾಲ್ಕು ಎಕರೆ ಕಬ್ಬೂ ಇದೆ. ಹಾಗಾಗಿ ಈ ಪತ್ರದಲ್ಲಿ ಸ್ವಾರ್ಥವಿಲ್ಲವೆಂದು ಹೇಳಲಾರೆ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗಿಳಿದದ್ದು ತಮಗೆ ನೆನಪಿರುತ್ತದೆ. ಟನ್ ಕಬ್ಬಿಗೆ 3,500 ರೂಪಾಯಿ ಕೇಳಿದರು. ಮುಖ್ಯಮಂತ್ರಿಗಳು ಸಭೆ ಕರೆದು 3,300 ಎಂದು ಸಾರಿದರು. ನಮ್ಮ ಮುಧೋಳದ ಕಡೆ ಆಮೇಲೂ ಕಾವು ಇಳಿಯಲಿಲ್ಲ. ದರದ ಜಗಳ ನ್ಯಾಯವಾದದ್ದೇ. ಆದರೆ ಆ ದಿನಗಳಲ್ಲಿ ವೇದಿಕೆಯ ಮೇಲಿದ್ದವರೂ ವೇದಿಕೆಗೆ ಹೆದರಿದವರೂ ಟನ್ನಿನ ಲೆಕ್ಕವನ್ನೇ ಮಾತನಾಡಿದರು. ಆ ಟನ್ನನ್ನು ಕಡಿದು, ಕಟ್ಟಿ, ಹೊತ್ತು ಟ್ರೇಲರಿಗೆ ಏರಿಸುವ ಕೈಗಳ ಲೆಕ್ಕ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಒಂದೇ ಮಾತು, ಅದೂ ಚಹಾದ ಹೊತ್ತಿನಲ್ಲಿ: “ಆಳು ಸಿಗುವುದಿಲ್ಲ ಬಿಡಿ, ಜನ ಸೋಮಾರಿಗಳಾಗಿದ್ದಾರೆ.”

ಈ ಮಾತನ್ನು ಮದುವೆ ಮಂಟಪಗಳಲ್ಲಿ ಕೇಳಿದ್ದೇನೆ, ಸೊಸೈಟಿಯ ಕಟ್ಟೆಯ ಮೇಲೆ ಕೇಳಿದ್ದೇನೆ, ಸರ್ಕಾರಿ ಕಚೇರಿಯ ಫ್ಯಾನಿನ ಕೆಳಗೆ ಕುಳಿತವರ ಬಾಯಿಂದಲೂ ಕೇಳಿದ್ದೇನೆ. ಬಿಸಿಲಿನಲ್ಲಿ ಒಂದು ದಿನವೂ ಕುರ್ಪಿ ಹಿಡಿಯದವರೇ ಇದನ್ನು ಹೆಚ್ಚು ಗಟ್ಟಿಯಾಗಿ ಹೇಳುತ್ತಾರೆ. ಅಕ್ಕಿ ಕೊಟ್ಟರು, ಎರಡು ಸಾವಿರ ಕೊಟ್ಟರು, ಇನ್ನು ಯಾರು ಬೆನ್ನು ಬಗ್ಗಿಸುತ್ತಾರೆ ಎಂಬುದು ಇವರ ವಾದ. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟಿನಲ್ಲಿ. ನಮ್ಮ ಕಬ್ಬು ಕಡಿಯಲು ಮರಾಠವಾಡದ ಬೀಡ್ ಕಡೆಯ ಗ್ಯಾಂಗುಗಳು ಬರುತ್ತಿರುವುದು ಅದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ. ತಿಂಗಳಿಗೆ 2,000 ಎಂದರೆ ದಿನಕ್ಕೆ 70 ರೂಪಾಯಿಯೂ ಆಗುವುದಿಲ್ಲ. ಅಷ್ಟನ್ನೇ ನೆಚ್ಚಿಕೊಂಡು ದುಡಿಮೆ ಬಿಟ್ಟು ಕುಳಿತ ಮನೆ ನಮ್ಮೂರಿನಲ್ಲಂತೂ ನನಗೆ ಕಂಡಿಲ್ಲ.

ಆದ್ದರಿಂದ ಸೋಮಾರಿತನವನ್ನು ಬದಿಗಿಟ್ಟು ತೊಟ್ಟಿಲುಗಳ ಲೆಕ್ಕ ನೋಡೋಣ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಜೀವಮಾನದಲ್ಲಿ ಸರಾಸರಿ 2.85 ಮಕ್ಕಳು ಎಂಬ ಲೆಕ್ಕ ಸಿಕ್ಕಿತು. 2005-06ರ ಹೊತ್ತಿಗೆ ಅದು 2.1ರ ಆಸುಪಾಸಿಗೆ ಇಳಿಯಿತು. 2019-21ರ ಐದನೇ ಸಮೀಕ್ಷೆಯಲ್ಲಿ 1.7. ಒಂದು ತಲೆಮಾರು ತನ್ನ ಜಾಗದಲ್ಲಿ ಅಷ್ಟೇ ಜನರನ್ನು ಬಿಟ್ಟುಹೋಗಬೇಕಾದರೆ 2.1 ಬೇಕು. ಹಳೆ ಮೈಸೂರಿನವರಿಗೆ ಹೋಲಿಸಿದರೆ ನಮ್ಮ ಕಡೆ ಈ ಇಳಿಕೆ ತಡವಾಗಿ ಬಂತು, ಆದರೆ ಬಂತು.

ಇದನ್ನು ನಾನು ಸಮೀಕ್ಷೆ ಓದಿ ತಿಳಿದದ್ದಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಒಂದನೇ ತರಗತಿಗೇ ಎರಡು ಕೋಣೆ ಬೇಕಾಗುತ್ತಿತ್ತು. ನಿವೃತ್ತಿಯ ಹೊತ್ತಿಗೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ನಲಿ-ಕಲಿಗೆಂದು ಒಂದೇ ಕೋಣೆಯಲ್ಲಿ ಕೂರಿಸಿದರೂ ಮೂಲೆ ಖಾಲಿ ಉಳಿಯುತ್ತಿತ್ತು. ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋದವರೂ ಇದ್ದಾರೆ ಎನ್ನುತ್ತೀರಿ, ಒಪ್ಪಿದೆ. ಆದರೆ ಅಂಗನವಾಡಿಯ ಗರ್ಭಿಣಿ-ಬಾಣಂತಿಯರ ದಾಖಲೆ ಪುಸ್ತಕಕ್ಕೆ ಹಳದಿ ಬಸ್ಸಿನ ನೆಪ ಹೇಳಲು ಬರುವುದಿಲ್ಲ. ಅದೂ ತೆಳ್ಳಗಾಗಿದೆ.

ಜಿಲ್ಲೆಯ ಜನಸಂಖ್ಯೆ ಏರುತ್ತಲೇ ಇದೆಯಲ್ಲ ಎಂದು ಕೇಳುವವರುಂಟು. ಏರಿದ್ದು ನಿಜ: 2001ರಲ್ಲಿ 16.5 ಲಕ್ಷವಿದ್ದದ್ದು 2011ಕ್ಕೆ 18.9 ಲಕ್ಷವಾಯಿತು. ಆದರೆ ತಲೆ ಎಣಿಸಿದರೆ ಸಾಲದು, ಎಷ್ಟು ತಲೆ ನೆರೆತಿವೆ ಎಂದೂ ನೋಡಬೇಕು. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ ಕಾಲದವರು ಇನ್ನೂ ನಮ್ಮ ನಡುವೆ ಇರುವುದರಿಂದ ಒಟ್ಟು ಸಂಖ್ಯೆ ಇಳಿದಿಲ್ಲ, ಆದರೆ ಅವರ ವಯಸ್ಸು ಏರುತ್ತಿದೆ. ನಮ್ಮೂರಿನ ಹೊಲಗಳಲ್ಲಿ ಇಂದು ಕಳೆ ತೆಗೆಯುವ ಹೆಂಗಸರಲ್ಲಿ ನಲವತ್ತರೊಳಗಿನವರು ಅಪರೂಪ. ನಲವತ್ತು ದಾಟಿದ ಇವರು ಸೊಂಟ ಹಿಡಿದು ಮನೆಯಲ್ಲಿ ಕುಳಿತ ದಿನ ಇವರ ಸಾಲಿಗೆ ನಿಲ್ಲುವವರು ಯಾರು?

2011ರ ಜನಗಣತಿಯಲ್ಲಿ ಆರು ವರ್ಷದೊಳಗಿದ್ದ ಮಕ್ಕಳು ಈಗ ಹದಿನೈದು ದಾಟಿದ್ದಾರೆ, ದೊಡ್ಡವರು ಇಪ್ಪತ್ತರ ಮೇಲಿದ್ದಾರೆ. ಕೆಲಸದ ಪೇಟೆಗೆ ಈಗ ಕಾಲಿಡುತ್ತಿರುವವರು ಇವರೇ. ಅಂದು ನಮ್ಮ ಜಿಲ್ಲೆಯಲ್ಲಿ ಆ ವಯಸ್ಸಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 935 ಮಾತ್ರ. ಆ ಕೊರತೆ ಎಲ್ಲಿಂದ ಬಂತೆಂದು ನಮಗೆಲ್ಲರಿಗೂ ಗೊತ್ತು. ಆ ವರ್ಷಗಳ, ಅದಕ್ಕೂ ಹಿಂದಿನ ವರ್ಷಗಳ ಸ್ಕ್ಯಾನಿಂಗ್ ಕೋಣೆಗಳಲ್ಲಿ ನಡೆದದ್ದಕ್ಕೆ ಇಂದು ಊರೂರಿನಲ್ಲಿ ಮೂವತ್ತು ದಾಟಿದರೂ ಹೆಣ್ಣು ಸಿಗದ ಗಂಡುಗಳು ಒಂದು ಉತ್ತರ, ಆಳು ಸಿಗದ ಹೊಲ ಇನ್ನೊಂದು.

ಎರಡಕ್ಕೂ ಸಂಬಂಧವಿದೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಹೆಣ್ಣು ಹೆತ್ತವರು ಈಗ ಕೇಳುವುದು ನೌಕರಿ. ಹುಡುಗನ ಹೆಸರಿನಲ್ಲಿ ಹೊಲವಿರಬೇಕು, ಆದರೆ ಅವನು ಅದರಲ್ಲಿ ಇಳಿದು ದುಡಿಯುವವನಾಗಿರಬಾರದು. ಹೀಗಾಗಿ ಐದು ಎಕರೆ ನೀರಾವರಿ ಇರುವ ಹುಡುಗನೂ ಪುಣೆಯಲ್ಲೋ ಬೆಂಗಳೂರಿನಲ್ಲೋ ಒಂದು ಕೋಣೆಯಲ್ಲಿ ನಾಲ್ವರ ಜೊತೆ ಮಲಗಿ, ಊಟ-ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯದ ಸಂಬಳಕ್ಕೆ ದುಡಿಯುತ್ತಾನೆ. ಆ ಸಂಬಳ ಅವನಿಗೆ ಬದುಕಲು ಬೇಕಾದದ್ದಲ್ಲ, ಮದುವೆಗೆ ಬೇಕಾದದ್ದು. ಅವನ ಹೊಲವನ್ನು ಅರವತ್ತು ದಾಟಿದ ಅಪ್ಪ ನೋಡಿಕೊಳ್ಳುತ್ತಾನೆ. ಇನ್ನು ಡಿಗ್ರಿ ಮುಗಿಸಿದವರು ಧಾರವಾಡಕ್ಕೆ ಹೋಗಿ ಕೋಚಿಂಗ್ ಕೇಂದ್ರಗಳ ಪಕ್ಕದ ಕೋಣೆಗಳಲ್ಲಿ ಪಿಎಸ್‌ಐ, ಎಫ್‌ಡಿಎ ಎಂದು ವರ್ಷಗಳನ್ನು ಕಳೆಯುತ್ತಾರೆ. ವಯೋಮಿತಿ ಮೀರಿದ ಮೇಲೆ ಊರಿಗೆ ಬಂದವನಿಗೆ ಕಬ್ಬು ಕಡಿ ಎಂದರೆ ಅವನ ಮುಖ ನೋಡಲಾಗುವುದಿಲ್ಲ. ನಾನೇ ಅಂಥವರಿಗೆ ಅಕ್ಷರ ಕಲಿಸಿದವಳು. ಓದು, ಈ ಕೆಸರಿನಿಂದ ಪಾರಾಗು ಎಂದು ಹೇಳಿದವಳೂ ನಾನೇ, ಈಗಲೂ ಹಾಗೇ ಹೇಳುತ್ತೇನೆ. ಒಂದೇ ಊರಿನಲ್ಲಿ ಕೆಲಸವಿಲ್ಲದ ಹುಡುಗರೂ ಆಳಿಲ್ಲದ ಹೊಲವೂ ಒಟ್ಟಿಗೆ ಇರುವುದರಲ್ಲಿ ಆಶ್ಚರ್ಯವೇನಿಲ್ಲ. ಕಡಿಮೆ ಮಕ್ಕಳನ್ನು ಹೆತ್ತು, ಇದ್ದೊಬ್ಬನನ್ನು ಸಾಲ ಮಾಡಿ ಓದಿಸಿದ ಮನೆ ಅವನನ್ನು ಹಳೆಯ ಕೂಲಿಗೆ, ಹಳೆಯ ಬೈಗುಳಕ್ಕೆ ವಾಪಸು ಕಳಿಸುವುದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ನಿಮ್ಮ ಯೋಜನಾ ಪುಸ್ತಕಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿಯುತ್ತದೆ, ನನಗೆ ಮುಗಿಯುವುದಿಲ್ಲ. ಐದನೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಹೆರುವ ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆ ಮಾತು ಇನ್ನೊಮ್ಮೆ ಆಡೋಣ. ನನ್ನ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನ ಇಪ್ಪತ್ತೈದರೊಳಗೆ ಎರಡು ಹೆತ್ತು, ಆಪರೇಷನ್ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ. ಅವರ ಅಜ್ಜಿಯರು ಆ ವಯಸ್ಸಿನಲ್ಲಿ ಮೂರನೆಯದನ್ನು ಹೆರುತ್ತಿದ್ದರು, ನಲವತ್ತರವರೆಗೂ ತೊಟ್ಟಿಲು ತೂಗುತ್ತಿದ್ದರು. ಈ ಹುಡುಗಿಯರ ಮುಂದೆ ಇನ್ನೂ ಮೂವತ್ತೈದು ವರ್ಷಗಳ ದುಡಿಯುವ ಆಯುಷ್ಯವಿದೆ. ಜಿಲ್ಲೆಯ ದೊಡ್ಡ ಕಾರ್ಮಿಕ ಬಲ ಎಲ್ಲಿದೆ ಎಂದು ಹುಡುಕುವವರು ಇವರ ಅಡುಗೆಮನೆಗೆ ಬಂದು ನೋಡಬೇಕು.

ಇವರಿಗೆ ಸಿಗುವ ಕೆಲಸ ಯಾವುದು? ಬೆಳಗ್ಗೆ ಟಂಟಂನಲ್ಲಿ ಹದಿನೈದು ಜನರ ನಡುವೆ ನಿಂತು ಹೋಗಿ ಕಳೆ ತೆಗೆಯುವುದು. ಕೂಲಿ ಗಂಡಾಳಿನ ಅರ್ಧಕ್ಕಿಂತ ತುಸು ಮೇಲೆ. ಸಮಾನ ಕೂಲಿಯ ಕಾನೂನು ಬಂದದ್ದು 1976ರಲ್ಲಿ. ಅಂದು ಹುಟ್ಟಿದವರು ಈಗ ಅಜ್ಜಿಯಾಗಿದ್ದಾರೆ, ಕೂಲಿ ಇನ್ನೂ ಸಮಾನವಾಗಿಲ್ಲ. ಆಳಿಲ್ಲ ಎಂದು ಕೂಗುವ ನಾವು ಜಮೀನಿನವರು ಈ ವ್ಯತ್ಯಾಸವನ್ನು ಮಾತ್ರ ಜೋಪಾನವಾಗಿ ಕಾಯ್ದುಕೊಂಡಿದ್ದೇವೆ. 2023-24ರ ಬಜೆಟ್ಟಿನಲ್ಲಿ ನರೇಗಾ ತಾಯಂದಿರಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಮಾಡುವುದಾಗಿ ಹೇಳಿದರು. ಒಳ್ಳೆಯ ಯೋಜನೆ, ಮನಸ್ಸಿಟ್ಟು ಹೊಗಳುತ್ತೇನೆ. ಆದರೆ ಕೂಸನ್ನು ಬಿಡುವ ತಾಯಿ ಯಾರ ಹೊಲಕ್ಕೆ ಹೋಗುತ್ತಾಳೆ ಎಂದು ಕೇಳಬಾರದು. ಹೊಲಕ್ಕೂ ಕಾರ್ಖಾನೆಗೂ ಹೊಲಿಗೆ ಕೆಲಸಕ್ಕೂ ಹೋಗುವವಳಿಗೆ ಅದು ತೆರೆದಿರಲಿ, ಅದೂ ಬೆಳಗಿನ ಏಳಕ್ಕೇ ತೆರೆಯಲಿ. ಕಳೆ ತೆಗೆಯುವವಳು ಕಚೇರಿಯ ಸಮಯಕ್ಕೆ ಹೊರಡುವುದಿಲ್ಲ.

ಈಗ ಕಟಾವಿನ ಗ್ಯಾಂಗುಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಒಂದು ವಿಚಿತ್ರ ಗಮನಿಸಿ. ಹಂಗಾಮು ಶುರುವಾದರೆ ಬೀಡ್ ಕಡೆಯ ಜೋಡಿಗಳು ನಮ್ಮ ಹೊಲಗಳಿಗೆ ಬರುತ್ತವೆ. ಅದೇ ವಾರಗಳಲ್ಲಿ ನಮ್ಮ ಜಿಲ್ಲೆಯ, ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಿಗೆ ಬೀಗ ಬೀಳುತ್ತದೆ. ಆ ಜನ ಗೋವಾಕ್ಕೋ ಮಂಗಳೂರಿಗೋ ಮಹಾರಾಷ್ಟ್ರದ ಕಬ್ಬಿಗೋ ಹೊರಟಿರುತ್ತಾರೆ. ತಾಂಡಾದಲ್ಲಿ ಉಳಿಯುವುದು ಅಜ್ಜ, ಅಜ್ಜಿ ಮತ್ತು ಶಾಲೆಗೆಂದು ಬಿಟ್ಟುಹೋದ ಮಕ್ಕಳು. ಬರುವ ಗ್ಯಾಂಗಿನಲ್ಲಿ ಗಂಡ-ಹೆಂಡತಿಯನ್ನು ಸೇರಿಸಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು, ಎಂದು ಲೆಕ್ಕ ಹಿಡಿಯುತ್ತಾರೆ. ಮುಂಗಡ ಗಂಡನ ಕೈಗೆ ಹೋಗುತ್ತದೆ. ಹೆಂಡತಿ ಕಬ್ಬಿನ ಹೊರೆ (ಮೋಳಿ) ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಹತ್ತಿ ಟ್ರೇಲರಿಗೆ ಏರಿಸುತ್ತಾಳೆ. ಅವಳಿಗೆ ಬೇರೆ ಹೆಸರಿಲ್ಲ, ಬೇರೆ ಕೂಲಿಯಿಲ್ಲ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಸಾವಿರಾರು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬುದು ಹೊರಬಂದಾಗ ದೇಶವೇ ಬೆಚ್ಚಿತು. ಆ ಹೆಂಗಸರಲ್ಲಿ ಕೆಲವರು ನಮ್ಮ ಕಬ್ಬಿನ ಒಣ ರವದಿಯ ಮೇಲೂ ಗುಡಿಸಲು ಹಾಕಿ ಮಲಗಿದ್ದಿರಬಹುದು.

ಬೀಡ್‌ನವರೂ ಎಷ್ಟು ದಿನ ಬರುತ್ತಾರೆ? ಮಹಾರಾಷ್ಟ್ರದ ಸರಾಸರಿಯೂ ನಮ್ಮಂತೆಯೇ 1.7. ಗ್ಯಾಂಗಿನ ಹುಡುಗರ ಕೈಯಲ್ಲೂ ಮೊಬೈಲ್ ಇದೆ, ಕಣ್ಣಲ್ಲಿ ಪುಣೆ ಇದೆ. ಬಿಹಾರದವರನ್ನು ತರುತ್ತೇವೆ ಎಂದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ನೋಡಿ ಬಂದವರು ಧೈರ್ಯ ಹೇಳುತ್ತಾರೆ. ಬಿಹಾರದಲ್ಲೂ 2015-16ರಲ್ಲಿ 3.4 ಇದ್ದದ್ದು ಐದು ವರ್ಷದಲ್ಲಿ 3.0ಕ್ಕೆ ಬಂದಿದೆ. ನೀರು ಇಳಿಯುತ್ತಿದೆಯೆಂದು ಪಕ್ಕದವರ ಬಾವಿಗೆ ಹಗ್ಗ ಹಾಕಿದ್ದೇವೆ, ಆ ಬಾವಿಯಲ್ಲೂ ನೀರು ಇಳಿಯುತ್ತಿದೆ.

ಗ್ಯಾಂಗು ತಡವಾಗಿ ಬಂದರೆ ಏನಾಗುತ್ತದೆಂದು ಕಬ್ಬು ಬೆಳೆಯದವರಿಗೆ ಹೇಳಬೇಕು. ಹನ್ನೆರಡು ತಿಂಗಳಿಗೆ ಕಡಿಯಬೇಕಾದ ಕಬ್ಬು ಹದಿನಾಲ್ಕಾದರೂ ನಿಂತೇ ಇರುತ್ತದೆ, ಹೂವಾಗಿ ಸೂಲಂಗಿ ಬಿಡುತ್ತದೆ, ತೂಕ ಇಳಿಯುತ್ತದೆ. ಅದೇ ಬುಡದಿಂದ ಚಿಗುರುವ ಮುಂದಿನ ಕೂಳೆ ಬೆಳೆ ಬಡವಾಗುತ್ತದೆ. ಕೇಂದ್ರ ಸಾರುವ ಎಫ್‌ಆರ್‌ಪಿ, ಅಂದರೆ ಕಬ್ಬಿನ ಕನಿಷ್ಠ ದರ, ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆಯ ಖರ್ಚನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ. ಇಷ್ಟರ ಮೇಲೆ ಪಾಳಿ ಬೇಗ ಬರಲೆಂದು ಎಕರೆಗಿಷ್ಟು ಎಂದು ಗ್ಯಾಂಗಿನ ಕೈಗೆ ಬೇರೆ ಹಣ, ಡ್ರೈವರನಿಗೆ ಬೇರೆ. ಆ ಹಣದಲ್ಲಿ ಹೊರೆ ಹೊತ್ತವಳಿಗೆ ಮುಟ್ಟುವುದೆಷ್ಟು ಎಂದು ಕೇಳಿ ನೋಡಿದ್ದೇನೆ. ನಕ್ಕು ಸುಮ್ಮನಾದಳು. ಆಳಿನ ಕೊರತೆಯ ಬೆಲೆಯನ್ನು ರೈತನೇ ಕೊಡುತ್ತಿದ್ದಾನೆ, ಆದರೆ ಅದು ಆಳಿಗೆ ಸಿಗುತ್ತಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಿಟ್ಟು ಬೇರೆ ಇಲ್ಲ.

ಯಂತ್ರ ತನ್ನಿ ಎನ್ನುತ್ತೀರಿ. ಕೋಟಿ ದಾಟುವ ಕಟಾವು ಯಂತ್ರಗಳು ನಮ್ಮ ರಸ್ತೆಗಳಲ್ಲಿ ಈಗಾಗಲೇ ಓಡಾಡುತ್ತಿವೆ. ಅದು ಇಳಿಯಬೇಕಾದರೆ ಸಾಲಿನ ಅಂತರ ನಾಲ್ಕೈದು ಅಡಿ ಇರಬೇಕು, ತಿರುಗಲು ಜಾಗ ಬೇಕು, ಹೊಲ ಒಂದೇ ಪಟ್ಟಿಯಾಗಿರಬೇಕು. ನನ್ನ ನಾಲ್ಕು ಎಕರೆ ಮೂರು ಕಡೆ ಇದೆ. ಯಂತ್ರ ಕಡಿದ ಕಬ್ಬಿನಲ್ಲಿ ಕಸವಿದೆ ಎಂದು ತೂಕದಲ್ಲಿ ಮುರಿಯುವುದು ಬೇರೆ. ಯಂತ್ರವನ್ನು ನಾನು ಬೇಡವೆನ್ನುವುದಿಲ್ಲ, ತಲೆಯ ಮೇಲಿನ ಆ ಹೊರೆ ಇಳಿಯುವುದಾದರೆ ನಾಳೆಯೇ ಬರಲಿ. ಆದರೆ ಅಕ್ಕಪಕ್ಕದ ಇಪ್ಪತ್ತು ರೈತರು ಒಂದೇ ಅಂತರದಲ್ಲಿ ಒಂದೇ ವಾರ ನಾಟಿ ಮಾಡಿ ಒಟ್ಟಿಗೆ ಕಡಿಸುವಂತೆ ಕೂಡಿಸುವ ಕೆಲಸ ಯಂತ್ರದ ಸಬ್ಸಿಡಿಗಿಂತ ಮುಖ್ಯ. ಅದನ್ನು ರೈತ ಸಂಪರ್ಕ ಕೇಂದ್ರ ಮಾಡಬೇಕು. ಯಂತ್ರ ನಡೆಸಲು, ರಿಪೇರಿ ಮಾಡಲು ತಾಲ್ಲೂಕಿನ ಐಟಿಐಗಳಲ್ಲಿ ಕಲಿಸಿ. ಧಾರವಾಡದಿಂದ ಮರಳಿದ ಆ ಹುಡುಗ ಕೊಯ್ತಾ ಹಿಡಿಯದಿದ್ದರೂ ಸ್ಟೀರಿಂಗ್ ಹಿಡಿಯುತ್ತಾನೆ. ಹುಡುಗಿಯರಿಗೂ ಅಲ್ಲಿ ಜಾಗವಿರಲಿ.

ಇನ್ನೊಂದು ದೊಡ್ಡ ಲೆಕ್ಕ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿ, ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದಲ್ಲಿ 5.94 ಲಕ್ಷ ಹೆಕ್ಟೇರಿಗೆ ನೀರು ಕೊಡುವ ಯೋಜನೆಯಿದೆ. ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸಂಪುಟ ತೀರ್ಮಾನಿಸಿತು. ಬಾಗಲಕೋಟೆಯವರಾದ ನಾವು ಮುಳುಗಡೆಯ ಸಂಕಟವನ್ನು ಹೊಸದಾಗಿ ಕಲಿಯಬೇಕಿಲ್ಲ, ಆ ನೀರು ಹರಿಯಲಿ. ನನ್ನ ಪ್ರಶ್ನೆ ಚಿಕ್ಕದು: ಒಣಭೂಮಿಗೆ ನೀರು ಬಂದರೆ ವರ್ಷಕ್ಕೊಂದು ಜೋಳ ಬೆಳೆಯುತ್ತಿದ್ದವನು ಕಬ್ಬು, ದ್ರಾಕ್ಷಿ, ದಾಳಿಂಬೆಗೆ ತಿರುಗುತ್ತಾನೆ. ಆಗ ಎಕರೆಗೆ ಬೇಕಾಗುವ ಆಳು ಹಲವು ಪಟ್ಟು. ಎಷ್ಟು ಸಿಮೆಂಟು, ಎಷ್ಟು ಗೇಟು ಎಂದು ಲೆಕ್ಕ ಹಾಕಿದವರು ಎಷ್ಟು ಕೈ ಎಂದು ಎಲ್ಲಿ ಬರೆದಿದ್ದಾರೆ? ಹನಿ ನೀರಾವರಿ ಕಡ್ಡಾಯ ಮಾಡುವುದಕ್ಕೂ, ಬೆಳೆ ಆಯ್ಕೆಗೂ ಈ ಲೆಕ್ಕ ಬೇಕೇ ಬೇಕು.

ಹೆಚ್ಚು ಮಕ್ಕಳನ್ನು ಹೆರಿ ಎಂದು 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೇಳಿದರು. ನಮ್ಮಲ್ಲೂ ಆ ಮಾತು ಬರುವ ಲಕ್ಷಣಗಳಿವೆ. ದಯವಿಟ್ಟು ಬೇಡ. ಇಂದು ಹುಟ್ಟಿದ ಕೂಸು ದುಡಿಯಲು ಇಪ್ಪತ್ತು ವರ್ಷ ಬೇಕು, ಮತ್ತು ಹೆರುವವರನ್ನು ಯಾರೂ ಕೇಳುವುದಿಲ್ಲ.

ಅದರ ಬದಲು ಕೇರಳವನ್ನು ನೋಡಿ. ನಮಗಿಂತ ಮೊದಲೇ ಅಲ್ಲಿ ತೊಟ್ಟಿಲು ಕಡಿಮೆಯಾದವು. ಅಸ್ಸಾಂ, ಬಂಗಾಳದವರು ಅಲ್ಲಿಗೆ ದುಡಿಯಲು ಬಂದರು. ಆ ಸರ್ಕಾರ 2017ರಲ್ಲಿ ವಲಸೆ ಕಾರ್ಮಿಕರಿಗೆ ‘ಆವಾಜ್’ ಎಂಬ ಆರೋಗ್ಯ ವಿಮೆ ಮಾಡಿತು, 2019ರಲ್ಲಿ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ‘ಅಪ್ನಾ ಘರ್’ ಎಂಬ ವಸತಿಗೃಹ ತೆರೆಯಿತು. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗಾಗಿಯೇ ಗೋಪಿನಾಥ ಮುಂಡೆ ಹೆಸರಿನ ಕಲ್ಯಾಣ ನಿಗಮವಿದೆ, ಕಾರ್ಖಾನೆಗಳು ಟನ್ನಿಗಿಷ್ಟು ಎಂದು ಅದಕ್ಕೆ ಹಣ ಕಟ್ಟಬೇಕು. ಇಷ್ಟೊಂದು ಕಾರ್ಖಾನೆಗಳಿರುವ ನಮ್ಮ ಜಿಲ್ಲೆಯಲ್ಲಿ ಗ್ಯಾಂಗು ಇಳಿಯುವ ಜಾಗದಲ್ಲಿ ಒಂದು ನಲ್ಲಿ, ನಾಲ್ಕು ಶೌಚಾಲಯ, ಒಂದು ಸೌರದೀಪ, ಮಕ್ಕಳಿಗೆ ಮರಾಠಿ ಬಲ್ಲ ಒಬ್ಬ ಶಿಕ್ಷಕಿ ಇರುವುದು ಆಗದ ಮಾತೇ? ಗಡಿನಾಡಿನಲ್ಲಿ ಮರಾಠಿ ಬಲ್ಲವರಿಗೆ ಬರವಿಲ್ಲ. ಭಾಷೆಯ ಜಗಳಕ್ಕೆ ಸಿಗುವಷ್ಟು ಜನ ಈ ಮಕ್ಕಳಿಗೂ ಸಿಗಬಹುದು.

ಮುದುಕರ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳಲು ಹೊಸದೇನಿಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವವರನ್ನೂ ಇಳಕಲ್ಲಿನಲ್ಲಿ ಕೈಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತವರನ್ನೂ ನೋಡಿ ಬನ್ನಿ. ಕನ್ನಡಕ ಇಲ್ಲದೆ ಎಳೆ ಕಾಣದ ವಯಸ್ಸು. ಎರಡೂ ಬಟ್ಟೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮಗ್ಗಕ್ಕೆ ವಾರಸುದಾರರಿಲ್ಲ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾದಲ್ಲಿ ಯಾವ ಮುದುಕನೂ ಕೆಲಸ ನಿಲ್ಲಿಸಲಾರ. ಅರವತ್ತೈದರಲ್ಲೂ ಕಳೆಗೆ ಬರುವ ಅಜ್ಜಿಯನ್ನು ಕಂಡಾಗ ಆಳು ಸಿಕ್ಕಿತೆಂದು ನಾವು ಸಂತೋಷಪಡುತ್ತೇವೆ.

2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಕೇಂದ್ರ ಗೊತ್ತುಮಾಡಿದೆ. ಹದಿನಾರು ವರ್ಷಗಳ ಮೇಲೆ ನಮ್ಮ ನಿಜವಾದ ವಯಸ್ಸು ನಮಗೆ ತಿಳಿಯುತ್ತದೆ. ಆ ಅಂಕಿಗಳು ಬಂದು, ಬೆಂಗಳೂರಿನಲ್ಲಿ ವರದಿಯಾಗಿ, ಅಲ್ಲಿಂದ ಸುತ್ತೋಲೆಯಾಗಿ ನಮಗೆ ತಲುಪುವವರೆಗೆ ಕಾಯಬೇಡಿ. ಜಿಲ್ಲಾ ಯೋಜನಾ ಸಮಿತಿ ಎಂಬುದು ಸಂವಿಧಾನದಲ್ಲೇ ಇದೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಆ ಸಮಿತಿಯನ್ನು ಹೆಸರಿಗಷ್ಟೇ ಉಳಿಸಿದವರು ಯಾರೆಂದು ಶಾಸಕರಿಗೆ ಗೊತ್ತಿದೆ. ಅಂಗನವಾಡಿ, ಶಾಲೆ, ಪಿಂಚಣಿ, ಪಡಿತರದ ಪುಸ್ತಕಗಳು ತಮ್ಮ ಕಚೇರಿಯಲ್ಲೇ ಇವೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಊರಿನಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆ, ಹಂಗಾಮಿಗೆ ಎಷ್ಟು ಜನ ಹೊರಗೆ ಹೋಗುತ್ತಾರೆ, ಎಷ್ಟು ಜನ ಒಳಗೆ ಬರುತ್ತಾರೆ ಎಂದು ಬರೆಯಲು ಹೊಸ ಕಾನೂನು ಬೇಡ.

ಪ್ರತಿ ಹಂಗಾಮಿಗೆ ಮೊದಲು ತಾವು ಕಾರ್ಖಾನೆಯವರನ್ನೂ ರೈತ ಮುಖಂಡರನ್ನೂ ಕೂರಿಸಿ ದರದ ಸಭೆ ನಡೆಸುತ್ತೀರಿ. ಈ ಸಲ ಅದೇ ಸಭೆಯಲ್ಲಿ ಕಟಾವಿನ ಕೂಲಿಯನ್ನೂ ತೀರ್ಮಾನಿಸಿ, ಊರ ಚಾವಡಿಯ ಗೋಡೆಗೆ ಬರೆಸಿ. ಹೆಂಡತಿಯ ಪಾಲು ಅವಳ ಖಾತೆಗೇ ಹೋಗುವಂತೆ ಕಾರ್ಖಾನೆಗಳಿಂದ ಬರೆಸಿಕೊಳ್ಳಿ. ಸಭೆಗೆ ಗ್ಯಾಂಗು ಕರೆತರುವ ಮುಕಾದಮರನ್ನಷ್ಟೇ ಕರೆಯದೆ ಹೊರೆ ಹೊರುವ ಹೆಂಗಸರನ್ನೂ ಕರೆಯಿರಿ. ನಮ್ಮೂರಿನ ಕಳೆ ತೆಗೆಯುವವರನ್ನು ಕರೆತರುವ ಜವಾಬ್ದಾರಿ ನನ್ನದು. ನೋಟಿಸು ಒಂದು ವಾರ ಮೊದಲು ಬಂದರೆ ಸಾಕು, ಬಸ್ ಖರ್ಚಿನ ಚಿಂತೆ ತಮಗೆ ಬೇಡ, ಶಕ್ತಿ ಯೋಜನೆಯಿದೆ. ಆ ದಿನದ ಕೂಲಿಯನ್ನು ಮಾತ್ರ ಯಾರು ಕೊಡುತ್ತಾರೆಂದು ನೋಟಿಸಿನಲ್ಲೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ ಹಾಗೂ ಕಬ್ಬು ಬೆಳೆಗಾರ್ತಿ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ